ಕೊನೆಯ ಬೆಂಚಿನ ಮೌನ

ನನ್ನ ದಿನಚರಿ: 1971, ಮಾರ್ಚ್ 14, ಭಾನುವಾರ, ಫಿಲಡೆಲ್ಫಿಯಾ. ಕ್ವೇಕರರೆಂಬ ಕ್ರೈಸ್ತ ಪಂಥದವರ ಪ್ರಾರ್ಥನಾ ಮನೆಯಲ್ಲಿ ದಾಖಲೆ ಬರೆಯುವ ಎಲಿನರ್ ಆ ದಿನ ತನ್ನ ಗುರು ಡೆಬೊರಾಳ ಕಥೆ ಹೇಳಿದಳು.

ಆ ಊರಿನ ಕ್ವೇಕರರು 1827ರಲ್ಲಿ ಜಗಳವಾಡಿ ಎರಡಾಗಿದ್ದರು. ಒಂದೇ ಬೀದಿಯಲ್ಲಿ ಎದುರುಬದುರು ಎರಡು ಪ್ರಾರ್ಥನಾ ಮನೆ; ಒಂದು ಕಡೆಯವರು ಇನ್ನೊಂದು ಕಡೆ ಪ್ರಾರ್ಥನೆಗೆ ಕೂರುವಂತಿರಲಿಲ್ಲ. ನೂರು ವರ್ಷ ಕಳೆದ ಮೇಲೆ ಒಂದಾಗೋಣವೆಂಬ ಮಾತು ಬಂತು.

ಅವರಲ್ಲಿ ಪಾದ್ರಿಯಿಲ್ಲ, ಮತ ಎಣಿಸುವುದಿಲ್ಲ. ಮೌನವಾಗಿ ಕೂರುತ್ತಾರೆ. ಎಲ್ಲರ ಮನಸ್ಸೂ ಒಂದಾದಾಗ ಮಾತ್ರ ತೀರ್ಮಾನ ಬರೆಯುತ್ತಾರೆ. ಹಿರಿಯರನ್ನೂ ಹೆಸರು ಹಿಡಿದೇ, ನೀನು ಎಂದೇ ಕರೆಯುತ್ತಾರೆ. ನಾನೂ ಹಾಗೆಯೇ ಬರೆದಿದ್ದೇನೆ.

ಒಂದಾಗುವ ಮಾತಿಗೆ ಸೇರಿದ ಸಭೆಯಲ್ಲಿ, ಆಗಿನ್ನೂ ಹುಡುಗಿಯಾಗಿದ್ದ ಎಲಿನರ್ ಬರೆದಳು: "ಎಲ್ಲರೂ ಒಪ್ಪಿದ್ದಾರೆ."

"ಏಮಸ್ ಒಪ್ಪಿದನೇ?" ಎಂದಳು ಡೆಬೊರಾ.

ಏಮಸ್ ಎಂದರೆ ಕೊನೆಯ ಬೆಂಚಿನ ಮುದುಕ.

"ಬೇಡ ಅನ್ನಲಿಲ್ಲ. ಸುಮ್ಮನಿದ್ದ."

"ಸುಮ್ಮನೆ ಕೂತು ದೇವರ ಮಾತು ಕೇಳುವ ಜನ ನಾವು. ಅವನ ಮೌನ ನಿನಗೆ ಕೇಳಿಸಲಿಲ್ಲವೇ?"

ಡೆಬೊರಾ ಹೋಗಿ ಏಮಸ್‌ನ ಪಕ್ಕ ಕೂತಳು. ಬಹಳ ಹೊತ್ತಿನ ಮೇಲೆ ಅವನು ಹೇಳಿದ:

"ನನ್ನ ಮುತ್ತಜ್ಜಿಯ ಹೆಣ ಹೊತ್ತು ಹೋದಾಗ ಆ ಕಡೆಯವರು ಸ್ಮಶಾನದ ಗೇಟಿಗೆ ಬೀಗ ಹಾಕಿದ್ದರು."

"ಸತ್ತವಳೇ ಮರೆತಿರುತ್ತಾಳೆ, ನೀನು ಮರೆತಿಲ್ಲ," ಎಂದು ಎಲಿನರ್ ಕುಟುಕಿದಳು.

"ಅವಸರವಿದ್ದರೆ ನಾನು ಸಾಯುವವರೆಗೆ ಕಾಯಿ, ಹುಡುಗಿ. ನಮ್ಮ ಮನೆತನದವರು ತೊಂಬತ್ತು ದಾಟದೆ ಹೋಗುವುದಿಲ್ಲ."

ಡೆಬೊರಾ ಬರೆದದ್ದನ್ನು ಹೊಡೆದುಹಾಕಿದಳು.

ಹೊರಗೆ ಬಂದಾಗ ಎಲಿನರ್‌ಗೆ ತಡೆಯಲಾಗಲಿಲ್ಲ. "ನಿನ್ನ ತಂಗಿ ಪ್ರಿಸಿಲ್ಲಾ ಆ ಕಡೆಗೆ ಮದುವೆಯಾಗಿ ಹೋದವಳು. ಅವಳ ಕಾಯಿಲೆ ನಿನಗೇ ಗೊತ್ತು. ಒಂದು ಭಾನುವಾರವಾದರೂ ಅಕ್ಕನ ಪಕ್ಕ ಪ್ರಾರ್ಥನೆಗೆ ಕೂರಬೇಕು ಅಂತಿದ್ದಾಳೆ. ಒಬ್ಬ ಮುದುಕನಿಗಾಗಿ ಅದನ್ನೂ ಬಿಡುತ್ತೀಯಾ?"

"ಅವನನ್ನು ಬಿಟ್ಟು ಒಂದಾದರೆ, ಬೀಗ ಹಾಕಿದವರು ಈ ಸಲ ನಾವಾಗುತ್ತೇವೆ."

ಏಳು ವರ್ಷ, ಪ್ರತಿ ಭಾನುವಾರ, ಡೆಬೊರಾ ಕೊನೆಯ ಬೆಂಚಿನಲ್ಲೇ ಕೂತಳು. ಒಪ್ಪು ಎಂದು ಒಮ್ಮೆಯೂ ಕೇಳಲಿಲ್ಲ.

ಎಂಟನೆಯ ವರ್ಷದ ಒಂದು ಬೆಳಿಗ್ಗೆ ಏಮಸ್ ಎದ್ದು ನಿಂತ.

"ಅವರು ಬರಲಿ," ಎಂದ. "ಬೆಂಚು ನಾನೇ ಒರೆಸುತ್ತೇನೆ."

ಎಲಿನರ್ ತೀರ್ಮಾನ ಬರೆದಳು. ಓದಿ ಹೇಳಿದಳು. ಯಾರೂ ತಿದ್ದಲಿಲ್ಲ.

ಆಮೇಲೆ ಮೆಲ್ಲಗೆ ಕೇಳಿದಳು: "ಏಳು ವರ್ಷ ತಡವಾಯಿತು ಅಂತಲೂ ಬರೆಯಲೇ, ಡೆಬೊರಾ?"

"ಬರೆ. ಆ ಏಳು ವರ್ಷಗಳಲ್ಲಿ ಎರಡೂ ಕಡೆ ಸೇರಿ ಹನ್ನೊಂದು ಮಂದಿ ತೀರಿಕೊಂಡರು. ಪ್ರಿಸಿಲ್ಲಾ ಎರಡನೆಯವಳು. ನಾವಿಬ್ಬರೂ ಒಟ್ಟಿಗೆ ಕೂರಲಿಲ್ಲ."