ಮೂಗಿನ ಲೆಕ್ಕ

“ಗುರುಗಳೇ, ಚಟದ ಲೆಕ್ಕ ಪೂರ್ತಿ ತಿಳಿದವನು ಚಟ ಬಿಡಬಲ್ಲನೇ?” ಎಂದು ರೇವಯ್ಯ ಕೇಳಿದ.

ಗುರುಗಳಿಗೆ ಸಾಕುಸಾಕಾಗಿತ್ತು. ಈ ಶಿಷ್ಯ ನಶ್ಯ ಬಿಡುತ್ತೇನೆಂದು ಮಾತು ಕೊಟ್ಟು ಮೂರು ತಿಂಗಳಾಗಿತ್ತು. ಬಿಡುವ ಬದಲು ಅದರ ಮೇಲೊಂದು ಸೂತ್ರ ಕಟ್ಟುತ್ತಿದ್ದ, ದಿನಾ ತಂದು ತೋರಿಸುತ್ತಿದ್ದ. ಇಂದೂ ಸೂತ್ರ ಬರೆದ ಓಲೆಯ ಪಕ್ಕದಲ್ಲೇ ನಶ್ಯದ ಡಬ್ಬಿ ಇತ್ತು. ತಲೆ ಚಚ್ಚಿಕೊಳ್ಳುವಂತಾದರೂ ಗುರುಗಳು ಕತೆ ಹೇಳಿದರು.

ಒಬ್ಬ ತುಪ್ಪದ ವ್ಯಾಪಾರಿ ಇದ್ದ. ಅವನ ಮೂಗೇ ಅವನ ಅನ್ನ. ಮುಂಗೈಗೆ ಸವರಿ ಮೂಸಿದರೆ ಸಾಕು, ತುಪ್ಪ ಎಮ್ಮೆಯದೋ ಹಸುವಿನದೋ, ಎಷ್ಟು ಹಳೆಯದೋ ಹೇಳಿಬಿಡುತ್ತಿದ್ದ. ಅಂಥವನಿಗೆ ನಶ್ಯದ ಚಟ ಅಂಟಿತು. ಮೂಗು ಮಂದವಾಗತೊಡಗಿತು. ಹೆಂಡತಿ ಬೇಡಿದಳು, ಬೈದಳು. ಆ ಪುಣ್ಯಾತ್ಮ ಇದ್ದಿಲು ಹಿಡಿದು ಗೋಡೆಯ ಮುಂದೆ ಲೆಕ್ಕಕ್ಕೆ ಕೂತ. ಏರಿಸಿದ ನಶ್ಯವೆಲ್ಲ ಒಳಗೆ ರಾಶಿಯಾಗುತ್ತದೆ. ರಾಶಿ ಬೆಳೆದಷ್ಟೂ ಚಿಟಿಕೆಯ ಸುಖ ಇಳಿಯುತ್ತದೆ, ಇನ್ನೊಂದು ಬೇಕೆನ್ನುವುದು ಏರುತ್ತದೆ. ಏರಿಸದ ದಿನ ರಾಶಿ ಒಂದಿಷ್ಟು ಕರಗುತ್ತದೆ. ಎಲ್ಲವೂ ಸರಿಯಾಗಿತ್ತು. ಆದರೆ ಲೆಕ್ಕ ತೊಡಕಾದಾಗಲೆಲ್ಲ ತಲೆ ತಿಳಿಯಾಗಲೆಂದು ಒಂದು ಚಿಟಿಕೆ ಏರಿಸುತ್ತಿದ್ದ. ಏರಿಸಿದ್ದನ್ನು ಮರೆಯದೆ ಗೋಡೆಗೂ ಏರಿಸುತ್ತಿದ್ದ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ. ಡಬ್ಬಿ ಮುಚ್ಚಿದ್ದರೆ ಮುಗಿಯುತ್ತಿತ್ತು.

ಎದುರಿಗೆ ರೇವಯ್ಯನ ಡಬ್ಬಿಯ ಮುಚ್ಚಳ ಟಕ್ಕೆಂದಿತು. ಗುರುಗಳು ಕೇಳಿಯೂ ಕೇಳದವರಂತೆ ಮುಂದುವರಿಸಿದರು.

ಕೊನೆಗೂ ಉತ್ತರ ಬಂತು. ಹೀಗೇ ನಡೆದರೆ ಮಾರ್ನಮಿಯ ದಿನ ಮೂಗು ಪೂರ್ತಿ ಸಾಯುತ್ತದೆ. ವ್ಯಾಪಾರಿ ಉತ್ತರವನ್ನು ಮೂರು ಸಲ ತಾಳೆ ನೋಡಿದ, ಪ್ರತಿ ಸಲಕ್ಕೂ ಒಂದು ಚಿಟಿಕೆ ಏರಿಸಿದ. ಮಾರ್ನಮಿ ಬಂತು. ಅವನ ಎದುರಿಗೇ ಒಲೆಯ ಮೇಲೆ ತುಪ್ಪ ಸೀದುಹೋಯಿತು. ಹಿತ್ತಲಲ್ಲಿದ್ದ ಹೆಂಡತಿ ನಾತಕ್ಕೆ ಓಡಿಬಂದಳು. ಅವನಿಗೆ ಏನೂ ತಿಳಿದಿರಲಿಲ್ಲ. ತಿಳಿದೊಡನೆ ಗೋಡೆಯ ಮುಂದೆ ಹೋಗಿ ನಿಂತು ಹಿಗ್ಗಿದ.

“ನೋಡೇ, ಒಂದು ದಿನವೂ ಹೆಚ್ಚುಕಮ್ಮಿ ಆಗಲಿಲ್ಲ.”

“ನಿಮ್ಮ ಲೆಕ್ಕಕ್ಕಿಷ್ಟು ಬೆಂಕಿ ಹಾಕ. ನಾಳೆಯಿಂದ ತುಪ್ಪ ಮೂಸುವವರು ಯಾರು?”

ಆ ಪ್ರಶ್ನೆಗೆ ಗೋಡೆಯ ಮೇಲೆ ಉತ್ತರವಿರಲಿಲ್ಲ. ಕತೆ ಅಲ್ಲಿಗೆ ಮುಗಿಯಿತು.

ಮುಚ್ಚಳ ಮತ್ತೆ ಟಕ್ಕೆಂದಿತು. ರೇವಯ್ಯ ಮೂಗು ಒರೆಸಿಕೊಂಡು ಓಲೆಯ ಮೇಲೆ ಬಾಗಿದ. ಹಾಗಾದರೆ ಆ ವ್ಯಾಪಾರಿಯ ಲೆಕ್ಕ ತಪ್ಪಿದ್ದೆಲ್ಲಿ ಎಂದು ಕೇಳಿದ.

“ಲೆಕ್ಕ ತಪ್ಪಿರಲಿಲ್ಲ ಕಣಯ್ಯ, ಈ ಕತೆ ಮುಗಿಯುವಷ್ಟರಲ್ಲಿ ನೀನು ಎಷ್ಟು ಚಿಟಿಕೆ ಏರಿಸಿದೆ, ಹೇಳು.”