ಉತ್ತರ ಕೊಡದ ವೈರ್‌ಲೆಸ್ ಸೆಟ್ಟು

ಕೋಡಿಬಾಗಿಲು ಬಂದರಿನಲ್ಲಿ ಮೀನುಗಾರರ ಸಂಘದ ಒಂದು ವೈರ್‌ಲೆಸ್ ಕೇಂದ್ರವಿತ್ತು. ಕಡಲಿಗೆ ಹೋದ ದೋಣಿಗಳಿಗೆ ಗಾಳಿ-ಮಳೆಯ ಸುದ್ದಿ ಅಲ್ಲಿಂದಲೇ ಹೋಗುತ್ತಿತ್ತು. ಕೇಂದ್ರವನ್ನು ನೋಡಿಕೊಳ್ಳುತ್ತಿದ್ದವರು ಸೆವ್ರಿನ್ ಮಾಸ್ಟರು. ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದವಳು ಯೋಗಿನಿ. ಅವಳ ಬುದ್ಧಿ ಚುರುಕು, ಕೈ ಇನ್ನೂ ಚುರುಕು. ಮಾಸ್ಟರು ಅರ್ಧ ಹೇಳುವಷ್ಟರಲ್ಲಿ ಅವಳು ಪೂರ್ತಿ ಮಾಡಿ ಮುಗಿಸುತ್ತಿದ್ದಳು. ಕೆಲವೊಮ್ಮೆ ಮಾಸ್ಟರು ಹೇಳಲು ಹೊರಟದ್ದು ಬೇರೆಯೇ ಆಗಿರುತ್ತಿತ್ತು.

ಒಂದು ಮಧ್ಯಾಹ್ನ ಹವಾಮಾನ ಕಚೇರಿಯಿಂದ ಫೋನ್ ಬಂತು. ಸಂಜೆಯೊಳಗೆ ದೊಡ್ಡ ಗಾಳಿ ಏಳಲಿದೆ, ದೋಣಿಗಳನ್ನೆಲ್ಲ ಕೂಡಲೇ ವಾಪಸ್ ಕರೆಸಿ ಎಂದರು. ಯೋಗಿನಿ ಫೋನ್ ಇಟ್ಟಳೋ ಇಲ್ಲವೋ, ಎಲ್ಲೋ ಸಿಡಿಲು ಹೊಡೆದು ಕರೆಂಟ್ ಹೋಯಿತು. ಕಂಪ್ಯೂಟರ್ ಆರಿತು, ವೈರ್‌ಲೆಸ್ ಸೆಟ್ಟೂ ಆರಿತು. ದೋಣಿಗಳಿಗೆ ಸುದ್ದಿ ಹೋಗುತ್ತಿದ್ದದ್ದು ಕಂಪ್ಯೂಟರಿನ ಮೂಲಕ. ಮಾತಾಡುವ ಮೈಕನ್ನೂ ಅದಕ್ಕೇ ಜೋಡಿಸಿದ್ದರು. ನಡುಗಡಲಿನಲ್ಲಿ ಮೊಬೈಲ್ ಸಿಗುವ ಮಾತೇ ಇಲ್ಲ.

ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು. ಯೋಗಿನಿ ಎರಡಕ್ಕೂ ಒಟ್ಟಿಗೇ ಸ್ವಿಚ್ ಹಾಕಿದಳು.

ಕಂಪ್ಯೂಟರ್ ಶುರುವಾಗುವಾಗ ತನಗೆ ಜೋಡಿಸಿದ ಉಪಕರಣಗಳನ್ನು ಒಂದೊಂದಾಗಿ ವಿಚಾರಿಸಿಕೊಳ್ಳುತ್ತದೆ. ಕೀಬೋರ್ಡ್ ಇದೆಯೇ? ಇದೆ. ಡಿಸ್ಕ್ ಇದೆಯೇ? ಇದೆ. ಉತ್ತರ ಕೊಟ್ಟವನ್ನು ಸೇರಿಸಿಕೊಳ್ಳುತ್ತದೆ, ಕೊಡದವನ್ನು ಬಿಟ್ಟು ಮುಂದೆ ಹೋಗುತ್ತದೆ. ಅಂದೂ ಪರದೆಯ ಮೇಲೆ ಸಾಲುಗಳು ಸರಸರನೆ ಓಡಿದವು. ಕೊನೆಯ ಸಾಲು ಹೀಗಿತ್ತು:

‘ವೈರ್‌ಲೆಸ್ ಸೆಟ್: ಉತ್ತರವಿಲ್ಲ.’

ಸಿಡಿಲಿಗೆ ಸೆಟ್ಟು ಸುಟ್ಟುಹೋಯಿತು ಎಂದುಕೊಂಡಳು. ತಡಮಾಡದೆ ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ಬೆನ್ನಿನ ಸ್ಕ್ರೂ ಸಡಿಲಿಸತೊಡಗಿದಳು. ಅಷ್ಟರಲ್ಲಿ ದೋಣಿ ಕಟ್ಟುವ ದಕ್ಕೆಯ ಕಡೆಯಿಂದ ಸೆವ್ರಿನ್ ಮಾಸ್ಟರು ಓಡೋಡಿ ಬಂದರು. ಗಾಳಿಯ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಅವರ ಹಿಂದೆಯೇ ಗುಲಾಬಿ ಬಂದಳು. ಅವಳ ಗಂಡ ಶಂಕರನ ದೋಣಿ ಅಂದು ಎಲ್ಲರಿಗಿಂತ ದೂರ ಹೋಗಿತ್ತು.

“ಮಾಸ್ಟ್ರೇ, ಸೆಟ್ ಹೋಯ್ತು. ಬಿಚ್ಚಿ ತೆಗೀತೇನೆ. ಪೇಟೆಯಿಂದ ಬೇರೆ ತರಿಸ್ಬೇಕು” ಎಂದಳು ಯೋಗಿನಿ.

“ಪೇಟೆಗೆ ಹೋಗಿ ಬರುವಷ್ಟರಲ್ಲಿ ಗಾಳಿ ಬಂದಾಗಿರ್ತದೆ. ಹೋಯ್ತು ಅಂತ ಯಾರು ಹೇಳಿದ್ದು?”

“ಕಂಪ್ಯೂಟರೇ ಹೇಳ್ತಾ ಉಂಟಲ್ಲ, ನೋಡಿ!”

ಮಾಸ್ಟರು ಪರದೆ ನೋಡಿದರು. “ಅದು ಹೇಳಿದ್ದು ಉತ್ತರವಿಲ್ಲ ಅಂತ. ಸೆಟ್ ಸತ್ತಿದೆ ಅಂತ ಎಲ್ಲಿ ಹೇಳಿದೆ?”

ಮಾಸ್ಟರು ಸೆಟ್ಟಿನ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. ಮುಂದಿನ ಪುಟ್ಟ ಹಸಿರು ದೀಪವೂ ಉರಿಯುತ್ತಿತ್ತು.

“ಹಳೇ ಸೆಟ್ಟು ಮಾರಾಯ್ತಿ. ಏಳ್ಲಿಕ್ಕೆ ಹೊತ್ತು ಬೇಕು ಇದಕ್ಕೆ. ಕಂಪ್ಯೂಟರ್ ಕೇಳುವಾಗ ಇದಿನ್ನೂ ಎದ್ದಿರ್ಲಿಲ್ಲ. ಈಗ ಎದ್ದಿದೆ, ಆದ್ರೆ ಕೇಳುವವರಿಲ್ಲ. ಸ್ಕ್ರೂಡ್ರೈವರ್ ಕೆಳಗಿಡು. ಸೆಟ್ ಮುಟ್ಬೇಡ, ಕಂಪ್ಯೂಟರ್ ಮಾತ್ರ ಮತ್ತೊಮ್ಮೆ ಶುರು ಮಾಡು.”

ಯೋಗಿನಿ ಹಾಗೆಯೇ ಮಾಡಿದಳು. ಮತ್ತೆ ಸಾಲುಗಳು ಓಡಿದವು. ಗುಲಾಬಿಗೆ ಓದಲು ಬರುತ್ತಿರಲಿಲ್ಲ. ಅವಳು ಪರದೆಯನ್ನು ಬಿಟ್ಟು ಯೋಗಿನಿಯ ಮುಖವನ್ನೇ ನೋಡುತ್ತ ನಿಂತಿದ್ದಳು. ಆ ಮುಖ ಅರಳಿತು.

‘ವೈರ್‌ಲೆಸ್ ಸೆಟ್: ಸಿಕ್ಕಿದೆ.’

ಸುದ್ದಿ ಹೋಯಿತು. ಒಂದೊಂದೇ ದೋಣಿಯಿಂದ “ಕೇಳಿತು, ಹೊರಟೆವು” ಎಂಬ ಮಾತು ಬರತೊಡಗಿತು. ಬರುವವರಿಗೆ ಹಗ್ಗ ಎಸೆಯಲು ಜನ ಬೇಕೆಂದು ಮಾಸ್ಟರು ದಕ್ಕೆಗೆ ಹೋದರು. ಶಂಕರನ ದೋಣಿಯಿಂದ ಮಾತ್ರ ಸದ್ದಿಲ್ಲ.

“ಅವರು ಯಾಕೆ ಮಾತಾಡೂದಿಲ್ಲ?” ಗುಲಾಬಿ ಕೇಳಿದಳು. ಅವಳ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ಎಲ್ಲೋ ಏನೋ ಆಗಿಹೋಗಿದೆ ಎಂದು ಯೋಗಿನಿಯ ಮನಸ್ಸೂ ಹೇಳುತ್ತಿತ್ತು. ಆದರೆ ಅದನ್ನು ಬಾಯಿಗೆ ತರಲಿಲ್ಲ. “ಅವರಿಗೆ ಏನೋ ಕೆಲಸ ಇರಬಹುದು ಅಕ್ಕಾ. ಮತ್ತೆ ಕೇಳ್ತೇನೆ” ಎಂದಳು.

ಕರೆದಳು, ಕಾದಳು. ಮತ್ತೆ ಕರೆದಳು. ಈ ಸಲ ಇನ್ನೂ ಹೆಚ್ಚು ಹೊತ್ತು ಕಾದಳು. ಹೊರಗೆ ತೆಂಗಿನ ಗರಿಗಳು ಸದ್ದು ಮಾಡತೊಡಗಿದ್ದವು. ಸೆಟ್ಟಿನೊಳಗಿಂದ ಬರೀ ಗೊರಗೊರ. ಆಮೇಲೆ ಒಂದು ದನಿ:

“ಯಾರು ಅಷ್ಟು ಕೂಗುದು? ಬಲೆ ಎಳೀತಾ ಇದ್ದೇವೆ ಮಾರಾಯ್ತಿ! ಎಲ್ಲರ ಕೈಯೂ ಬಲೆಯಲ್ಲಿ!”

“ಬಲೆ ಬಿಟ್ಟು ಬನ್ನಿ ಶಂಕರಣ್ಣ! ಗಾಳಿ ಬರ್ತಾ ಉಂಟು!”

ಗುಲಾಬಿ ಮೈಕಿಗೆ ಬಾಗಿ ಗಂಡನಿಗೆ ಚೆನ್ನಾಗಿ ಬೈದಳು. ಬೈಯುತ್ತಲೇ ಅತ್ತಳು. ಆ ಕಡೆಯಿಂದ ಶಂಕರ “ಬಂದೆ, ಬಂದೆ” ಎಂದದ್ದು ಕೇಳಿಸಿತು.

ಕಚೇರಿಯವರು ಹೇಳಿದ ಹಾಗೆಯೇ ಗಾಳಿ ಬಂತು. ಎರಡು ಮನೆಗಳ ಹೆಂಚು ಹಾರಿತು, ದಕ್ಕೆಯ ಒಂದು ಕಂಬ ಬಿತ್ತು. ಆದರೆ ಅಷ್ಟರೊಳಗೆ ಶಂಕರನ ದೋಣಿಯೂ ನದಿ ಕಡಲು ಸೇರುವ ಅಳಿವೆ ದಾಟಿ ಒಳಗೆ ಬಂದಿತ್ತು. ಕಡಲಿನಲ್ಲಿ ಯಾರೂ ಉಳಿದಿರಲಿಲ್ಲ.

ಮಾಸ್ಟರು ತೊಯ್ದು ತೊಪ್ಪೆಯಾಗಿ ಬಂದು ಕುರ್ಚಿಯಲ್ಲಿ ಕುಸಿದರು. ಯೋಗಿನಿ ಅವರಿಗೆ ಬಿಸಿ ಚಹಾ ಕೊಟ್ಟು, ಕಂಪ್ಯೂಟರಿನ ಮುಂದೆ ಕುಳಿತಳು.

“ಇನ್ನೇನು ಮಾಡ್ತಿದ್ದಿ?” ಎಂದರು ಮಾಸ್ಟರು.

“ಒಮ್ಮೆ ಕೇಳಿ ಬಿಟ್ಟುಬಿಡ್ತದಲ್ಲ ಮಾಸ್ಟ್ರೇ, ಇದು. ಸೆಟ್ ಏಳುವ ತನಕ ಕಾದು, ಮತ್ತೆ ಮತ್ತೆ ಕೇಳುವ ಹಾಗೆ ಮಾಡಿಡ್ತೇನೆ. ನೀವು ಮೊದಲು ಪೂರ್ತಿ ಹೇಳಿ, ಹೇಗೆ ಮಾಡೂದು ಅಂತ.”

ಮಾಸ್ಟರು ನಗುತ್ತ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡರು.

ನೀತಿ: ಕೇಳಿದ ಕೂಡಲೇ ಉತ್ತರ ಬರಲಿಲ್ಲವೆಂದು ಯಾರನ್ನೂ, ಯಾವುದನ್ನೂ ‘ಇಲ್ಲ’ ಎಂದು ತೀರ್ಮಾನಿಸಬೇಡಿ. ಕೆಲವರಿಗೆ ಏಳಲು ಹೊತ್ತು ಬೇಕು, ಕೆಲವರ ಕೈಯಲ್ಲಿ ಕೆಲಸವಿರುತ್ತದೆ. ಸ್ವಲ್ಪ ಕಾದು, ಇನ್ನೊಮ್ಮೆ ಕೇಳಿ.