ಕೊಡೆಯ ಕೆಳಗೆ ಯಾರೂ ಇಲ್ಲ

ಮತ್ತೆ ಅಡ್ಡಬಾಯಿ ಹಾಕಿದಳು ನನ್ನ ಮಗಳು ಪದ್ದಿ! ಕತೆ ಶುರುವಾದರೆ ಸಾಕು, ಅವಳಿಗೆ ನೀರಡಿಕೆ, ಅವಳ ತಮ್ಮನಿಗೆ ಉಚ್ಚೆ. “ಇನ್ನೊಮ್ಮೆ ಬಾಯಿ ಬಿಟ್ಟರೆ ರಾಜನ ಹೊಟ್ಟೆಯನ್ನು ನಡುಬೀದಿಯಲ್ಲೇ ಬಿಟ್ಟು ಎದ್ದು ಹೋಗುತ್ತೇನೆ” ಅಂದೆ. ಹೊಟ್ಟೆ ಅಂದಕೂಡಲೇ ಇಬ್ಬರೂ ಗಪ್‌ಚಿಪ್.

ಮಲ್ಲರಸ ಅಂತ ಒಬ್ಬ ರಾಜ. ಅವನ ಊರಲ್ಲಿ ಕಾಮನಹಬ್ಬದ ಮಾರನೆಯ ದಿನ ವೇಷದ ಮೆರವಣಿಗೆ. ಕೇರಿಗೊಂದು ಗುಂಪು. ಅಂದು ಯಾವ ವೇಷದ ಮೇಲೂ ಯಾರೂ ಸಿಟ್ಟಾಗುವಂತಿಲ್ಲ.

ಹೋದ ವರ್ಷ ಕುಂಬಾರನೊಬ್ಬ ಹೊಟ್ಟೆಗೆ ಗುಡಾಣ ಕಟ್ಟಿಕೊಂಡು ರಾಜನಾಗಿ ಬಂದಿದ್ದ. ಊರೆಲ್ಲ ನಕ್ಕಿತು. ರಾಜ ಮಾತ್ರ ವರ್ಷವಿಡೀ ಒಳಗೊಳಗೇ ಬೆಂದ.

ಈ ಸಲ ಆಸ್ಥಾನದ ಜಾಣ ತಿಪ್ಪರಸನನ್ನು ಕರೆಸಿದ.

“ನನ್ನ ವೇಷ ಯಾರೂ ಹಾಕಕೂಡದು, ನನ್ನ ಹೆಸರೂ ಎತ್ತಕೂಡದು. ಆದರೂ ನನಗೆ ಬಿದ್ದು ಬಿದ್ದು ನಗುವಂತಾಗಬೇಕು. ನಗು ಬಾರದಿದ್ದರೆ ಮೆರವಣಿಗೆ ಈ ವರ್ಷಕ್ಕೇ ಕೊನೆ!”

“ಬೇರೆಯವರ ವೇಷ ಹಾಕಬಹುದೇ, ಪ್ರಭು?”

“ನನ್ನೊಬ್ಬನದು ಬಿಟ್ಟು ಯಾರದಾದರೂ ಹಾಕಲಿ.”

“ಅಪ್ಪಣೆ” ಎಂದು ತಿಪ್ಪರಸ ನೆಟ್ಟಗೆ ಕುಂಬಾರರ ಕೇರಿಗೆ ನಡೆದ.

ಮೆರವಣಿಗೆ ಬಂತು. ಗಾಣಿಗರು ಕರಡಿಗಳಾಗಿ ಕುಣಿದರು, ನೇಕಾರರು ಮೀಸೆಯ ಮದುಮಗಳನ್ನು ತಂದರು. ಉಪ್ಪರಿಗೆಯಲ್ಲಿ ಕೂತ ರಾಜ ತುಟಿ ಕಚ್ಚಿಕೊಂಡು, “ಹೂಂ, ಮುಂದೆ” ಅಂದ. ಜನ ಕಂಗಾಲಾದರು.

ಕೊನೆಗೆ ಕುಂಬಾರರು. ಒಬ್ಬ ದೊಡ್ಡ ಕೊಡೆ ಹಿಡಿದಿದ್ದ. ಕೊಡೆಯ ಕೆಳಗೆ ಯಾರೂ ಇಲ್ಲ. ಆ ಖಾಲಿ ಜಾಗಕ್ಕೆ ಇಬ್ಬರು ಚಾಮರ ಬೀಸುತ್ತಿದ್ದರು. ಪೀಕದಾನಿಯವ ಕಾಣದ ಉಗುಳು ಹಿಡಿಯಲು ಎಡಕ್ಕೋಡಿ, ಬಲಕ್ಕೋಡಿ, ಕೊನೆಗೆ ತನ್ನ ಮುಖವನ್ನೇ ಒರೆಸಿಕೊಂಡ. ಮುಂದೆ ಇಬ್ಬರು ತೋಳು ಚಾಚಿ, ಏದುಸಿರು ಬಿಡುತ್ತ, ಕಾಣದ್ದೇನನ್ನೋ ಹೊತ್ತು ಬರುತ್ತಿದ್ದರು.

“ಮೆಲ್ಲಗೆ ಹಿಡಿಯೋ, ಹೊಟ್ಟೆ ಜಾರೀತು!”

“ನಿನ್ನ ಕಡೆ ಎತ್ತು ಮಾರಾಯ, ಭಾರವೆಲ್ಲ ನನ್ನ ಮೇಲೇ ಬಿತ್ತು!”

ರಾಣಿ ಸೆರಗು ಬಾಯಿಗೆ ತುರುಕಿಕೊಂಡಳು. ರಾಜ ಎದ್ದು ಗುಡುಗಿದ. “ತಿಪ್ಪರಸಾ! ನನ್ನ ವೇಷ ಬೇಡ ಅನ್ನಲಿಲ್ಲವೇ?”

“ಯಾರು ಹಾಕಿದ್ದಾರೆ, ಪ್ರಭು? ಅವನು ಕೊಡೆಯವ, ಇವನು ಪೀಕದಾನಿಯವ.”

“ಕೊಡೆಯ ಕೆಳಗೆ?”

“ಗಾಳಿ, ಪ್ರಭು.”

“ಗಾಳಿಯಂತೆ! ಆ ಹೊಟ್ಟೆ ನನ್ನದೇ!”

“ಊರಲ್ಲಿ ಒಬ್ಬರೂ ಹಾಗನ್ನಲಿಲ್ಲ. ತಾವೇ ಅಂದಿರಿ.”

ರಾಜ ಬೈಯಲೆಂದು ಬಾಯಿ ತೆರೆದ. ಹೊರಬಂದದ್ದು ನಗು. ಹೊಟ್ಟೆ ಕುಲುಕಿ ಕುಲುಕಿ ಕಣ್ಣಲ್ಲಿ ನೀರು ಬಂತು. ಕೈಯ ಕಡಗ ಬಿಚ್ಚಿ ತಿಪ್ಪರಸನಿಗೆ ತೊಡಿಸಿದ. ಬೀದಿಗಿಳಿದು ಕೊಡೆಯ ಕೆಳಗೆ ನಿಂತು, “ಹಿಡಿಯಿರಯ್ಯಾ ನನ್ನ ಹೊಟ್ಟೆ, ಹೋಗೋಣ!” ಅಂದ.

ಕತೆ ಮುಗಿಯಿತು, ಇನ್ನು ಮಲಗಿ ಅನ್ನುವಷ್ಟರಲ್ಲಿ ಪದ್ದಿ ಎದ್ದು ಕೂತಳು.

“ಅಮ್ಮಾ, ಕೊಡೆಯ ಕೆಳಗೆ ನಿಂತನಲ್ಲ, ಆಗ ಅವನು ರಾಜನೋ, ರಾಜನ ವೇಷವೋ?”